ಬಲವಂತದ ದೃಶ್ಯ ಬರೆಯುವ ಮೊದಲು: ಫ್ಯಾನ್‌ಫಿಕ್ ಬರೆಯುವ ತಂಗಿಯರಿಗೆ, ತಮ್ಮಂದಿರಿಗೆ

ನಾನು ಕಾಸರಗೋಡಿನ ಬದಿಯಡ್ಕದವಳು. ಹಗಲಿಡೀ ಅಕ್ಷಯ ಕೇಂದ್ರದಲ್ಲಿ ರೇಷನ್ ಕಾರ್ಡು, ಆಧಾರು ಅಂತ ಕೂತಿರುತ್ತೇನೆ. ರಾತ್ರಿ ಊಟ ಆದ ಮೇಲೆ ಬೇರೆಯವರ ಫ್ಯಾನ್‌ಫಿಕ್ ತಿದ್ದುತ್ತೇನೆ, ಅಂದರೆ ಸಿನಿಮಾ, ಸೀರಿಯಲ್, ಪುರಾಣದ ಪಾತ್ರಗಳನ್ನು ಇಟ್ಟುಕೊಂಡು ಅಭಿಮಾನಿಗಳು ಬರೆಯುವ ಕಥೆಗಳನ್ನು. ಬರೆಯುವವರು ಇದಕ್ಕೆ ಬೀಟಾ ಕೆಲಸ ಅನ್ನುತ್ತಾರೆ. ಸಂಬಳ ಇಲ್ಲ, "ಅಕ್ಕಾ, ಇದೊಂದು ಅಧ್ಯಾಯ ನೋಡಿಕೊಡಿ" ಅನ್ನುವ ಮೆಸೇಜು ಮಾತ್ರ ಜಾಸ್ತಿ. ಕುಂಬಳೆ, ಪೆರ್ಲ, ಪುತ್ತೂರು ಕಡೆಯ ಹುಡುಗಿಯರೇ ಹೆಚ್ಚು. ಅವರಿಗೆಲ್ಲ ಬಿಡಿಬಿಡಿಯಾಗಿ ಹೇಳುವ ಮಾತನ್ನು ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ.

ಬಲಾತ್ಕಾರದ ಕಥೆ ಬರೆಯಬೇಡಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ಬರೆಯಿರಿ. ಆದರೆ ಬರೆದದ್ದು ಬಲಾತ್ಕಾರ ಅಂತ ನಿಮಗೆ ಗೊತ್ತಿರಬೇಕು. ನನಗೆ ತಲೆನೋವು ತರುವುದು ಕ್ರೌರ್ಯದ ಕಥೆಗಳಲ್ಲ, ಪ್ರೇಮಕಥೆಗಳು. ಒಂದು ಸಾಲು ಮತ್ತೆ ಮತ್ತೆ ಬರುತ್ತದೆ: "ಅವಳು ಬೇಡ ಬೇಡ ಅಂದಳು. ಕಣ್ಣು ಮಾತ್ರ ಹೂಂ ಅನ್ನುತ್ತಿತ್ತು." ಆ ಕಣ್ಣು ಓದಿದ್ದು ಯಾರು ಮಾರಾಯ್ತಿ? ಅವನೇ ಅಲ್ವಾ?

ಇಂಥ ಸಾಲು ಸಿಕ್ಕಿದರೆ ಹೀಗೆ ಮಾಡಿ. ಅದೇ ದೃಶ್ಯವನ್ನು ಅವಳ ಕಡೆಯಿಂದ ಒಮ್ಮೆ ಬರೆಯಿರಿ. ಯಾರಿಗೂ ತೋರಿಸಬೇಕಾಗಿಲ್ಲ, ಹಳೇ ನೋಟ್‌ಬುಕ್ಕಿನ ಹಿಂದಿನ ಪುಟ ಸಾಕು. ಬಾಗಿಲು ಯಾರು ಹಾಕಿದರು, ಅವಳು ಎದ್ದು ಹೋಗಬಹುದಿತ್ತಾ, ಹೋದರೆ ನಾಳೆ ಏನಾಗುತ್ತಿತ್ತು? ಬರೆದಾದ ಮೇಲೆ ಎದುರಿಗೆ ಮೂರು ದಾರಿ ಕಾಣುತ್ತವೆ. ಅವಳಿಗೆ ನಿಜವಾಗಿ ಇಷ್ಟ ಇದ್ದರೆ ಅದನ್ನು ಅವಳ ಬಾಯಲ್ಲಿ, ಅವಳ ಕೈಯಲ್ಲಿ ತನ್ನಿ. ಇಷ್ಟ ಇಲ್ಲದಿದ್ದರೆ ಅವನು ನಿಲ್ಲಲಿ. ಅವನು ನಿಲ್ಲುವುದಿಲ್ಲವೆಂದಾದರೆ ಅದು ಹಿಂಸೆ. ಅಲ್ಲಿಂದ ಮುಂದೆ ಕಥೆ ಅವನನ್ನು ಹೀರೋ ಅಂತ ಮುದ್ದು ಮಾಡುವ ಹಾಗಿಲ್ಲ.

ಅವನು ನಿಂತರೆ ರಸಭಂಗ ಅಂತ ಹೆದರುತ್ತೀರಿ. ಈಚೆಗೆ ಒಬ್ಬಳು ತಿದ್ದಿ ತಂದದ್ದು ನೋಡಿ. ಹೊಸ ಮದುವೆ, ಕರೆಂಟು ಹೋದ ರಾತ್ರಿ.

"ಇವತ್ತು ಬೇಡ" ಅಂದಳು.

"ಸರಿ. ನಾನು ಚಾವಡಿಯಲ್ಲಿ ಮಲಗ್ತೇನೆ." ಅವನು ಚಾಪೆ ಎತ್ತಿಕೊಂಡ.

"ಚಾವಡಿಯಲ್ಲಿ ಸೊಳ್ಳೆ ಉಂಟು. ಇಲ್ಲೇ ಕೂತ್ಕೊಳ್ಳಿ, ಏನಾದ್ರೂ ಮಾತಾಡುವ."

ಮೊದಲಿನ ಡ್ರಾಫ್ಟಿನಲ್ಲಿ ಅವನು ಕೈ ಎಳೆದು ಮಂಚಕ್ಕೆ ತಳ್ಳಿದ್ದ. ಈ ಇಬ್ಬರಿಗೆ ಮುಂದೆ ಏನಾಗುತ್ತದೋ ನೋಡೋಣ ಅನ್ನಿಸುವುದು ಸೊಳ್ಳೆಯ ಮಾತು ಬಂದ ಮೇಲೆಯೇ. ಪ್ರೀತಿ ನಿಧಾನಕ್ಕೆ ಬೆಳೆಯುವ ಸ್ಲೋ ಬರ್ನ್ ಕಥೆ ಬರೆಯುವವರಿಗಂತೂ ಇಂಥ ಒಂದು 'ಬೇಡ' ಸಿಕ್ಕಿದರೆ ಐದು ಅಧ್ಯಾಯಕ್ಕೆ ದಾರಿ.

ಮನೆಯವರು ಗೊತ್ತು ಮಾಡಿದ ಮದುವೆ, ಮೊದಲ ರಾತ್ರಿ, ಒರಟು ಗಂಡ: ನಮ್ಮವರ ಫ್ಯಾನ್‌ಫಿಕ್‌ನಲ್ಲಿ ಇದರದ್ದೇ ರಾಶಿ. ಹೆಂಡತಿಗೆ 18 ತುಂಬಿದ್ದರೆ ಗಂಡನ ಬಲವಂತವನ್ನು ನಮ್ಮ ಕಾನೂನು ಅತ್ಯಾಚಾರ ಅಂತ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಕಥೆಯಲ್ಲಿ ಏನಿದೆ ಅಂತ ಮೊದಲೇ ತಿಳಿಸುವ ಟ್ಯಾಗ್ ಹಾಕುವಾಗ ಆ ವಿನಾಯಿತಿಯನ್ನು ಹಿಡಿದುಕೊಂಡು ಬರಬೇಡಿ. ಓದುವವಳಿಗೆ ತಾಳಿ ನೋಡಿ ನೋವು ಕಡಿಮೆ ಆಗುವುದಿಲ್ಲ.

ಕಾನೂನಿನ ಉಳಿದ ಭಾಗ ಮಾತ್ರ ಬರೆಯುವವರಿಗೆ ಒಳ್ಳೆಯ ಪಾಠ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 63 ಓದಿ. ಮಾತಿನಿಂದಲೋ ಸನ್ನೆಯಿಂದಲೋ ಸ್ಪಷ್ಟವಾಗಿ, ಸ್ವಂತ ಇಷ್ಟದಿಂದ ತೋರಿಸಿದ್ದೇ ಒಪ್ಪಿಗೆ. ಮೈಯಲ್ಲಿ ತಡೆಯಲಿಲ್ಲ ಅನ್ನುವ ಒಂದೇ ಕಾರಣಕ್ಕೆ ಅದು ಒಪ್ಪಿಗೆ ಆಗುವುದಿಲ್ಲ. ಗಂಡನೆಂದೇ ನಂಬಿಸಿ ಪಡೆದ ಒಪ್ಪಿಗೆಯೂ ಒಪ್ಪಿಗೆಯಲ್ಲ. ಈ ಕೊನೆಯದು 1860ರ ದಂಡ ಸಂಹಿತೆಯಲ್ಲೂ ಇತ್ತು. ಓದಿದಾಗ ನನಗೆ ನೆನಪಾದದ್ದು ವೃಂದೆ. ಜಲಂಧರನ ವೇಷದಲ್ಲಿ ಬಂದ ವಿಷ್ಣುವನ್ನು ಅವಳು ಗಂಡ ಅಂತಲೇ ನಂಬುತ್ತಾಳೆ. ನಮ್ಮ ಕಡೆ, ವೇಷ ಇಲ್ಲದೆ ಕೂತು ಪದ್ಯಕ್ಕೆ ಮಾತಿನಲ್ಲಿ ಅರ್ಥ ಹೇಳುವ ತಾಳಮದ್ದಳೆಯಲ್ಲಿ ಒಳ್ಳೆಯ ಅರ್ಥಧಾರಿ ವೃಂದೆಯಾಗಿ ಕೂತರೆ, ಸತ್ಯ ಗೊತ್ತಾದ ಮೇಲೆ ವಿಷ್ಣುವಿಗೆ ಉತ್ತರ ಹೇಳಿ ಸಾಕಾಗಿಹೋಗುತ್ತದೆ. ಪದ್ಯ ಬದಲಾಗುವುದಿಲ್ಲ, ಅರ್ಥ ಬದಲಾಗುತ್ತದೆ. ಫ್ಯಾನ್‌ಫಿಕ್ ಕೂಡ ಇದೇ ಕೆಲಸ. ಮೂಲ ಕಥೆ ಬೇಗ ಬೇಗ ದಾಟಿಸಿದ ಜಾಗದಲ್ಲಿ ನೀವು ಅವಳನ್ನು ಕೂರಿಸಿ ಮಾತಾಡಿಸಬಹುದು.

ಇನ್ನು ಟ್ಯಾಗ್. 2009ರಲ್ಲಿ ಎಲ್ಲರಿಗೂ ತೆರೆದ ಆರ್ಕೈವ್ ಆಫ್ ಅವರ್ ಓನ್‌ನಲ್ಲಿ, ಅಂದರೆ ಎಓ3 ಅನ್ನುವ ಫ್ಯಾನ್‌ಫಿಕ್ ಸೈಟಿನಲ್ಲಿ, ಕಥೆ ಹಾಕುವಾಗ ವಾರ್ನಿಂಗ್ ವಿಭಾಗ ಖಾಲಿ ಬಿಡುವ ಹಾಗಿಲ್ಲ. ಅಲ್ಲಿ ರೇಪ್/ನಾನ್‌ಕಾನ್ ಅಂತ ಒಂದು ಉಂಟು, ಅಂದರೆ ಒಪ್ಪಿಗೆ ಇಲ್ಲದ ಲೈಂಗಿಕ ಕ್ರಿಯೆ. 'ಯಾವ ವಾರ್ನಿಂಗೂ ಅನ್ವಯಿಸುವುದಿಲ್ಲ' ಅಂತ ಒಂದು, 'ಲೇಖಕರು ವಾರ್ನಿಂಗ್ ಹೇಳದಿರಲು ನಿರ್ಧರಿಸಿದ್ದಾರೆ' ಅಂತ ಇನ್ನೊಂದು. ಹೊಸಬರು ಇವೆರಡನ್ನು ಒಂದೇ ಅಂದುಕೊಳ್ಳುತ್ತಾರೆ. ಮೊದಲನೆಯದು ಓದುವವರಿಗೆ ಕೊಟ್ಟ ಮಾತು. ಎರಡನೆಯದು 'ಒಳಗೆ ಏನೂ ಇರಬಹುದು, ನೋಡಿಕೊಂಡು ಬನ್ನಿ' ಅಂದ ಹಾಗೆ. ತಿರುವು ಬಿಟ್ಟುಕೊಡಲು ಮನಸ್ಸಿಲ್ಲದಿದ್ದರೆ ಎರಡನೆಯದನ್ನು ಹಾಕಿ. ಒಳಗೆ ಬಲಾತ್ಕಾರ ಇಟ್ಟು ಮೊದಲನೆಯದನ್ನು ಹಾಕಿದರೆ ಅದು ಮೋಸ.

ಒಪ್ಪಿಗೆ ಅರೆಬರೆ ಇರುವ ಕಥೆಗೆ ಡಬ್‌ಕಾನ್ ಅನ್ನುತ್ತಾರೆ. ಕುಡಿದಿದ್ದಾಳೆ, ಅವನು ಅವಳ ಬಾಸ್, ಮಂತ್ರಕ್ಕೆ ಸಿಕ್ಕಿದ್ದಾರೆ, ಇಂಥವೆಲ್ಲ. ಇದು ಆ ಮುಖ್ಯ ವಾರ್ನಿಂಗ್‌ಗಳಲ್ಲಿ ಇಲ್ಲ, ಕೆಳಗಿನ ಹೆಚ್ಚುವರಿ ಟ್ಯಾಗ್‌ನಲ್ಲಿ ನೀವೇ ಬರೆಯಬೇಕು. ನಾನ್‌ಕಾನ್ ಅಂತ ಹಾಕಲು ಮುಜುಗರ ಆಗಿ ಡಬ್‌ಕಾನ್ ಹಾಕುವವರು ತುಂಬಾ ಜನ. ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಅವಳು ಏನಂದಿದ್ದಳು ನೋಡಿ, ಅದೇ ಟ್ಯಾಗ್ ಹಾಕಿ.

18 ತುಂಬದ ಪಾತ್ರಗಳ ಲೈಂಗಿಕ ದೃಶ್ಯ ಬರೆಯಬೇಡಿ. ನನಗಂತೂ ಕಳಿಸಲೇಬೇಡಿ. ಪೇಪರಿನಲ್ಲಿ ಬಂದ ನಿಜವಾದ ಕೇಸನ್ನು ಹೆಸರು ಬದಲಿಸಿ ಕಥೆ ಮಾಡುವುದೂ ಬೇಡ. ನಮ್ಮ ಊರು ಸಣ್ಣದು, ಬಸ್‌ಸ್ಟ್ಯಾಂಡಿನಲ್ಲೇ ಗುರುತು ಹಿಡಿಯುತ್ತಾರೆ. ಸಂತ್ರಸ್ತೆಯ ಗುರುತು ಬಯಲು ಮಾಡುವುದು ಅಪರಾಧವೂ ಹೌದು.

ಘಟನೆ ಆದ ಮೇಲಿನ ಭಾಗಕ್ಕೆ ಎಲ್ಲಕ್ಕಿಂತ ಜಾಸ್ತಿ ಹೊತ್ತು ಕೊಡಿ. ಷವರ್ ಕೆಳಗೆ ಅಳುವುದು, ಅಧ್ಯಾಯ ಮುಗಿಯುವಾಗ ಹೀರೋ ಅಪ್ಪಿಕೊಂಡ ಕೂಡಲೇ ಎಲ್ಲ ಗುಣ ಆಗುವುದು, ಇದು ಸಾಕಾಗಿದೆ. ಘಟನೆಯ ಹೊತ್ತಿಗೆ ಮೈ ಮರಗಟ್ಟಿ ಕೂಗಲೂ ಆಗದಿರುವುದು ಸಾಮಾನ್ಯ. ಮರುದಿನ ಅವಳು ಎಂದಿನ ಹಾಗೆ ಅಂಗಳದಲ್ಲಿ ಅಡಿಕೆ ಹರವಬಹುದು, ಸುಮ್ನೆ ಯಾವುದೋ ಜೋಕಿಗೆ ನಗಲೂಬಹುದು. ದೂರು ಕೊಡುತ್ತಾಳೆ ಅಂತಾದರೆ ನಮ್ಮ ಕೇರಳ-ಕರ್ನಾಟಕ ಗಡಿಯನ್ನೇ ಕಥೆಗೆ ತನ್ನಿ. ಘಟನೆ ಮಂಗಳೂರಿನಲ್ಲಿ, ಮನೆ ಮಂಜೇಶ್ವರದಲ್ಲಿ. "ಅಲ್ಲಿಗೇ ಹೋಗಿ" ಅಂತ ಸ್ಟೇಷನ್‌ನವರು ತಲಪಾಡಿ ಆಚೆಗೆ ಅಟ್ಟುವ ಹಾಗಿಲ್ಲ. ಜಾಗ ಎಲ್ಲಿಯದಾದರೂ ಜೀರೋ ಎಫ್‌ಐಆರ್ ಬರೆದುಕೊಳ್ಳಬೇಕು. ಅವಳ ಮಾತನ್ನು ದಾಖಲಿಸುವವರು ಮಹಿಳಾ ಅಧಿಕಾರಿಯೇ ಆಗಿರಬೇಕು. ಅವಳು ತುಳುವಿನಲ್ಲಿ ಹೇಳಿದ್ದು ಮಲಯಾಳದಲ್ಲಿ ಬರೆದಾಗ ಏನು ಉಳಿಯಿತು, ಓದಿ ಹೇಳಿದಾಗ ಅವಳು ಎಲ್ಲಿ ತಡೆದಳು? ಒಂದು ಅಧ್ಯಾಯ ಅಲ್ಲೇ ಉಂಟು.

ಪೋಸ್ಟ್ ಮಾಡುವಾಗ ಇನ್ನೊಂದು ಕೆಲಸ. ಕೆಲವರಿಗೆ ಕಥೆ ಬೇಕು, ಆ ದೃಶ್ಯ ಬೇಡ. ಅವರಿಗಾಗಿ ಅಧ್ಯಾಯದ ತಲೆಗೆ ಹೀಗೆ ಹಾಕಿ: "ಅವನು ಬಾಗಿಲು ತಟ್ಟುವಲ್ಲಿಂದ ಮೂರು ನಕ್ಷತ್ರದ ಗುರುತಿನವರೆಗೆ ಲೈಂಗಿಕ ಹಿಂಸೆ ಇದೆ. ಬಿಟ್ಟು ಓದುವವರಿಗೆ ಕೊನೆಯಲ್ಲಿ ಸಾರಾಂಶ ಇದೆ." ಸಾರಾಂಶ ಎರಡೇ ಸಾಲು ಇರಲಿ. ಬೇಡ ಅಂದವರಿಗೆ ಅಲ್ಲಿ ಮತ್ತೆ ವಿವರ ಬಡಿಸಬೇಡಿ.