ಕನ್ನಡ ಹೆಸರಿನ ಫೈಲೂ ಕಂಟೆಂಟ್-ಡಿಸ್ಪೊಸಿಷನ್ ಹೆಡರೂ

ಎಚ್‌ಟಿಟಿಪಿ ಹೆಡರ್‌ಗೆ, ಅಂದರೆ ಪುಟಕ್ಕೋ ಫೈಲಿಗೋ ಮುಂಚೆ ಸರ್ವರ್ ಬ್ರೌಸರ್‌ಗೆ ಕಳಿಸುವ ಮಾಹಿತಿಯ ಸಾಲುಗಳಿಗೆ, ಕನ್ನಡ ಬರುವುದಿಲ್ಲ. ಪುಟದ ಒಳಗೆ ಎಷ್ಟು ಬೇಕಾದರೂ ಕನ್ನಡ ಹಾಕಿ, ಅಕ್ಷರಗಳನ್ನು ಬೈಟ್‌ಗಳಾಗಿಸುವ ಪದ್ಧತಿ ಯುಟಿಎಫ್-8 ಅಂತ ಹೇಳಿದರೆ ಸಾಕು, ಸರಾಗವಾಗಿ ಹೋಗುತ್ತದೆ. ಹೆಡರ್ ಹಾಗಲ್ಲ. ಅಲ್ಲಿ ಆಸ್ಕಿ ಅಕ್ಷರ (ಇಂಗ್ಲಿಷ್ ಅಕ್ಷರ, ಅಂಕೆ, ಸಾಮಾನ್ಯ ಚಿಹ್ನೆ) ಬಿಟ್ಟು ಬೇರೇನೂ ನಡೆಯುವುದಿಲ್ಲ ಅಂದುಕೊಂಡೇ ಕೋಡ್ ಬರೆಯುವುದು ಕ್ಷೇಮ.

ನನಗೆ ಇದರ ಜೊತೆ ಜಾಸ್ತಿ ಹೊತ್ತು ಕೂರುವಂತಾದದ್ದು ಒಂದು ಹಾಲು ಉತ್ಪಾದಕರ ಸಂಘದ ಕೆಲಸದಲ್ಲಿ. ನೋಡ್ (ಸರ್ವರ್‌ನಲ್ಲಿ ಜಾವಾಸ್ಕ್ರಿಪ್ಟ್ ಓಡಿಸುವ ತಂತ್ರಾಂಶ) ಮತ್ತು ಅದರ ಮೇಲಿನ ಎಕ್ಸ್‌ಪ್ರೆಸ್ ಚೌಕಟ್ಟು ಇಟ್ಟು ಬರೆದ ಸಣ್ಣ ತಂತ್ರಾಂಶ. ಸಭೆಯ ನಡಾವಳಿಯನ್ನು ಪಿಡಿಎಫ್ ಆಗಿ ಇಳಿಸಿಕೊಳ್ಳಬೇಕು, ಫೈಲಿನ ಹೆಸರೂ ‘ನಡಾವಳಿ’ ಅಂತ ಕನ್ನಡದಲ್ಲೇ ಇರಬೇಕು ಎಂದು ಕೇಳಿದರು. ನ್ಯಾಯವಾದ ಬೇಡಿಕೆ. ಆಮೇಲೆ ಫೋನಿನಲ್ಲಿ ಹುಡುಕುವವರು ಅವರೇ ಅಲ್ವಾ.

ಬ್ರೌಸರ್‌ಗೆ ಈ ಹೆಸರು ಮುಟ್ಟಿಸುವುದು ಕಂಟೆಂಟ್-ಡಿಸ್ಪೊಸಿಷನ್ ಎಂಬ ಹೆಡರ್. ಅದರಲ್ಲಿ ‘ಅಟ್ಯಾಚ್‌ಮೆಂಟ್’ ಎಂದು ಹಾಕಿ, ಮುಂದೆ ‘ಫೈಲ್‌ನೇಮ್’ ಕೊಡಬೇಕು. ಆ ಜಾಗದಲ್ಲಿ ನೇರವಾಗಿ ಕನ್ನಡ ಇಟ್ಟರೆ ನೋಡ್ ತಕ್ಷಣ ಎರರ್ ಕೊಡುತ್ತದೆ: ‘ಇನ್‌ವ್ಯಾಲಿಡ್ ಕ್ಯಾರೆಕ್ಟರ್ ಇನ್ ಹೆಡರ್ ಕಂಟೆಂಟ್’. ಈ ಕಟ್ಟುನಿಟ್ಟು ನನಗೆ ಇಷ್ಟ. ಪಿಎಚ್‌ಪಿ ಭಾಷೆ ಆದರೆ ಕೊಟ್ಟ ಬೈಟ್‌ಗಳನ್ನು ಸುಮ್ನೆ ಕಳಿಸಿಬಿಡುತ್ತದೆ. ಓದುವವರು ಅದನ್ನು ಲ್ಯಾಟಿನ್-1 (ಪಶ್ಚಿಮ ಯುರೋಪಿನ ಭಾಷೆಗಳ ಹಳೆಯ ಸಂಕೇತ ಪದ್ಧತಿ) ಎಂದುಕೊಂಡರೆ ಹೆಸರಿನ ಬದಲು ತಲೆಯ ಮೇಲೆ ಗೀಟು ಹಾಕಿದ ಇಂಗ್ಲಿಷ್ ‘ಎ’ಗಳ ಸಾಲು ಕಾಣಿಸುತ್ತದೆ. ಅದಕ್ಕಿಂತ ನಮ್ಮ ಮೇಜಿನ ಮೇಲೇ ಎರರ್ ಬರುವುದು ವಾಸಿ.

ದಾರಿ ಇದೆ. ಅಂತರ್ಜಾಲದ ನಿಯಮಗಳ ದಾಖಲೆಗಳಲ್ಲಿ ಒಂದಾದ 2011ರ ಆರ್‌ಎಫ್‌ಸಿ 6266 ಇನ್ನೊಂದು ಗುಣವನ್ನು ವಿವರಿಸುತ್ತದೆ: ‘ಫೈಲ್‌ನೇಮ್’ ಪದದ ಬಾಲಕ್ಕೆ ಒಂದು ನಕ್ಷತ್ರ ಚಿಹ್ನೆ. ಅದರ ಬೆಲೆ ‘ಯುಟಿಎಫ್-8’ ಎಂದು ಶುರುವಾಗುತ್ತದೆ, ನಂತರ ಎರಡು ಒಂಟಿ ಉದ್ಧರಣ ಚಿಹ್ನೆ, ಆಮೇಲೆ ಒಂದೊಂದು ಬೈಟನ್ನೂ ಶೇಕಡಾ ಚಿಹ್ನೆ ಮತ್ತು ಎರಡು ಅಂಕೆ-ಅಕ್ಷರಗಳಾಗಿ ಬಿಡಿಸಿಟ್ಟ ಹೆಸರು. ಬಿಡಿಸುವ ನಿಯಮ ಈಗ 2017ರ ಆರ್‌ಎಫ್‌ಸಿ 8187ರಲ್ಲಿದೆ. ನಮ್ಮ ‘ನಡಾವಳಿ’ಯನ್ನೇ ನೋಡಿ. ನ, ಡ, ಆಕಾರದ ಚಿಹ್ನೆ, ವ, ಳ, ಇಕಾರದ ಚಿಹ್ನೆ: ಒಟ್ಟು 6 ಯುನಿಕೋಡ್ ಸಂಕೇತ. ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್. ‘ನ’ ಅಂದರೆ %ಇ0%ಬಿ2%ಎ8. ಹೀಗೆ ನಾಲ್ಕಕ್ಷರದ ಪದ ಹೆಡರ್‌ನಲ್ಲಿ 54 ಅಕ್ಷರವಾಗುತ್ತದೆ.

ಬಿಡಿಸಲು ಜಾವಾಸ್ಕ್ರಿಪ್ಟ್‌ನ ಎನ್‌ಕೋಡ್‌ಯುಆರ್‌ಐಕಾಂಪೊನೆಂಟ್ ಎಂಬ ಫಂಕ್ಷನ್ ಮುಕ್ಕಾಲು ಕೆಲಸ ಮಾಡುತ್ತದೆ. ಆದರೆ ಒಂಟಿ ಉದ್ಧರಣ ಚಿಹ್ನೆ, ಎರಡು ಆವರಣ, ನಕ್ಷತ್ರ ಇವನ್ನು ಅದು ಮುಟ್ಟುವುದಿಲ್ಲ. ಇಲ್ಲಿ ಅವನ್ನೂ ಬಿಡಿಸಲೇಬೇಕು. ಸಂಘದವರು ‘ನಡಾವಳಿ (ತಿದ್ದುಪಡಿ)’ ಎಂದು ಆವರಣ ಹಾಕದೆ ಹೆಸರೇ ಇಡುವುದಿಲ್ಲ!

ಎಕ್ಸ್‌ಪ್ರೆಸ್‌ನ ಅಟ್ಯಾಚ್‌ಮೆಂಟ್ ಮೆಥಡ್ ಇದನ್ನೆಲ್ಲ ತಾನೇ ಮಾಡುತ್ತದೆ. ನನಗೆ ಸರಿಬರದ ಸಂಗತಿ ಒಂದೇ. ನಕ್ಷತ್ರ ಅರ್ಥವಾಗದ ಹಳೆಯ ಸಾಧನಗಳಿಗೆ ಅದು ಕೊಡುವ ಬದಲಿ ಹೆಸರು ಬರೀ ಪ್ರಶ್ನಾರ್ಥಕ ಚಿಹ್ನೆಗಳು. ಹಾಗಾಗಿ ಅದರ ಹಿಂದಿರುವ ಕಂಟೆಂಟ್-ಡಿಸ್ಪೊಸಿಷನ್ ಪ್ಯಾಕೇಜನ್ನೇ ನೇರವಾಗಿ ಕರೆದೆ. ಅದರ ‘ಫಾಲ್‌ಬ್ಯಾಕ್’ ಆಯ್ಕೆಗೆ ಇಂಗ್ಲಿಷ್ ಅಕ್ಷರದ ‘ನಡಾವಳಿ’ ಮತ್ತು ಸಭೆಯ ದಿನಾಂಕ ಕೊಟ್ಟೆ. ಎರಡೂ ಇರುವಾಗ ಸಾದಾ ಹೆಸರು ಮೊದಲು, ನಕ್ಷತ್ರದ್ದು ಆಮೇಲೆ. ಹೊಸ ಬ್ರೌಸರ್‌ಗಳು ನಕ್ಷತ್ರದ್ದನ್ನೇ ಆರಿಸಿಕೊಳ್ಳುತ್ತವೆ.

ಉದ್ದದ ವಿಷಯಕ್ಕೂ ಒಂದು ಮಿತಿ ಬೇಕು. ಲಿನಕ್ಸ್‌ನ ಇಎಕ್ಸ್‌ಟಿ4 ಫೈಲ್ ವ್ಯವಸ್ಥೆಯಲ್ಲಿ ಫೈಲಿನ ಹೆಸರು 255 ಬೈಟ್ ದಾಟುವಂತಿಲ್ಲ, ಅಂದರೆ ಕನ್ನಡದ 85 ಸಂಕೇತ. ಸಭೆಯ ಪೂರ್ತಿ ವಿಷಯವನ್ನೇ ಹೆಸರಿಗೆ ತುಂಬಿದರೆ ಅದು ಸಾಲುವುದಿಲ್ಲ. ಲೆಕ್ಕ ಹಾಕಿ ಪದದ ನಡುವೆ ಕತ್ತರಿಸಿದರೆ ಒತ್ತಕ್ಷರ ಮುರಿದು ಅರ್ಧ ವ್ಯಂಜನ ನೇತಾಡುತ್ತದೆ. ಹಿಂದಿನ ಖಾಲಿ ಜಾಗ ನೋಡಿ ಅಲ್ಲಿ ಕತ್ತರಿಸಿದೆ. ಜೊತೆಗೆ ಹೆಸರಿನೊಳಗೆ ನುಸುಳುವ ಹೊಸ ಸಾಲಿನ ಗುರುತನ್ನು ಮೊದಲೇ ತೆಗೆದುಬಿಡಿ. ಹೆಡರ್‌ಗಳ ನಡುವಿನ ಗಡಿಯೇ ಅದು. ಬಳಕೆದಾರರು ಕೊಟ್ಟ ಹೆಸರನ್ನು ಹಾಗೆಯೇ ನಂಬಬಾರದು.

ಇಷ್ಟಾದ ಮೇಲೂ ಮುಂಬದಿಯ, ಅಂದರೆ ಬ್ರೌಸರ್‌ನೊಳಗೆ ಓಡುವ, ಕೋಡ್‌ನಲ್ಲಿ ಫೆಚ್ ಮಾಡಿ ಈ ಹೆಡರ್ ಕೇಳಿದರೆ ‘ನಲ್’ (ಏನೂ ಇಲ್ಲ) ಬಂತು. ಬ್ರೌಸರ್‌ನ ಡೆವಲಪರ್ ಪರಿಕರಗಳ ನೆಟ್‌ವರ್ಕ್ ಟ್ಯಾಬಿನಲ್ಲಿ ಹೆಡರ್ ಕಣ್ಣಿಗೆ ಕಾಣುತ್ತಿದೆ, ಕೋಡ್‌ಗೆ ಮಾತ್ರ ಸಿಗುತ್ತಿಲ್ಲ. ಕಾರಣ ಕಾರ್ಸ್, ಅಂದರೆ ಬೇರೆ ವಿಳಾಸದ ಸರ್ವರ್‌ನಿಂದ ಬಂದದ್ದನ್ನು ಪುಟದ ಕೋಡ್ ಎಷ್ಟು ನೋಡಬಹುದು ಎಂಬ ಬ್ರೌಸರ್ ನಿಯಮ. ನಮ್ಮ ಎಪಿಐ (ಮಾಹಿತಿ ಕೊಡುವ ಸರ್ವರ್ ಭಾಗ) ಬೇರೆ ಸಬ್‌ಡೊಮೇನ್‌ನಲ್ಲಿದೆ. ಅಂಥ ಕಡೆ ಕಂಟೆಂಟ್-ಟೈಪ್, ಕ್ಯಾಶ್-ಕಂಟ್ರೋಲ್ ಮುಂತಾದ ಕೆಲವನ್ನು ಬಿಟ್ಟು ಉಳಿದ ಹೆಡರ್‌ಗಳನ್ನು ಬ್ರೌಸರ್ ಕೋಡ್‌ಗೆ ತೋರಿಸುವುದಿಲ್ಲ. ಆಕ್ಸೆಸ್-ಕಂಟ್ರೋಲ್-ಎಕ್ಸ್‌ಪೋಸ್-ಹೆಡರ್ಸ್‌ನಲ್ಲಿ ಹೆಸರು ಸೇರಿಸಿದ ಮೇಲೆ ಸರಿಹೋಯಿತು.

ಪರೀಕ್ಷೆಗೆ ಬ್ರೌಸರ್ ಬೇಡ, ಕಮಾಂಡ್ ಸಾಲಿನಿಂದ ವಿನಂತಿ ಕಳಿಸುವ ಕರ್ಲ್ ಸಾಕು. ದೊಡ್ಡ ‘ಐ’ ಆಯ್ಕೆ ಹೆಡ್ ವಿನಂತಿ (ಹೆಡರ್ ಮಾತ್ರ ಕೇಳುವುದು) ಕಳಿಸುತ್ತದೆ, ಅದಕ್ಕೆ ಸರ್ವರ್ ಬೇರೆಯೇ ಉತ್ತರ ಕೊಡಬಹುದು. ದೊಡ್ಡ ‘ಡಿ’ ಬಳಸಿ ಫೈಲನ್ನೇ ಕೇಳುವ ನಿಜವಾದ ಗೆಟ್ ವಿನಂತಿಯ ಹೆಡರ್‌ಗಳನ್ನೇ ನೋಡಿ.

ಕೊನೆಗೆ ಉಳಿದದ್ದು ಹಳೆಯ ಆಂಡ್ರಾಯ್ಡ್ ಫೋನ್‌ಗಳ ವೆಬ್‌ವ್ಯೂ, ಅಂದರೆ ಆ್ಯಪ್ ಒಳಗೇ ಪುಟ ತೋರಿಸುವ ಬ್ರೌಸರ್ ಭಾಗ. ಅಲ್ಲಿ ಹೆಸರು ಊಹಿಸುವ ಸಿದ್ಧ ಮೆಥಡ್‌ಗೆ ನಕ್ಷತ್ರ ಸೇರಿದ ಹೆಡರ್ ಅರ್ಥವಾಗುವುದಿಲ್ಲ. ಅದು ಯುಆರ್‌ಎಲ್‌ನ ಕೊನೆಯ ತುಂಡನ್ನು ಹೆಸರಾಗಿ ತೆಗೆದುಕೊಳ್ಳುತ್ತದೆ. ಅದಕ್ಕೆ ಡೌನ್‌ಲೋಡ್ ಕೊಂಡಿಯ ಕೊನೆಗೇ, ಐಡಿಯ ನಂತರ, ಕನ್ನಡ ಹೆಸರನ್ನು ಬಿಡಿಸಿ ಅಂಟಿಸಿದೆ. ಸರ್ವರ್ ನೋಡುವುದು ಐಡಿ ಮಾತ್ರ. ಹೆಸರು ಇರುವುದು ಫೋನಿಗಾಗಿ.