ಬೇಸಿಗೆಯಲ್ಲಿ ಮಕ್ಕಳೊಂದಿಗೆ ಶಿವಗಂಗೆ ಹತ್ತುವುದು ಹೇಗೆ?

ಬೇಸಿಗೆ ರಜೆಯ ಯಾವ ಭಾನುವಾರ ಬೇಕಾದರೂ ನೋಡಿ, ಹನ್ನೊಂದು ಗಂಟೆ ಹೊತ್ತಿಗೆ ಶಿವಗಂಗೆಯ ಒಳಕಲ್ಲು ತೀರ್ಥದ ಆಸುಪಾಸಿನಲ್ಲಿ ಅಳುವ ಮಕ್ಕಳೂ ಖಾಲಿ ಬಾಟಲಿಗಳೂ ಕಾಣುತ್ತವೆ. ದಾಬಸ್‌ಪೇಟೆ ಪಕ್ಕದ ಈ ಬೆಟ್ಟ ಸಮುದ್ರಮಟ್ಟದಿಂದ 1,368 ಮೀಟರ್ ಎತ್ತರ. ದಾರಿ ಉದ್ದವಲ್ಲ, ಆದರೆ ಬಹುಪಾಲು ಬೋಳು ಬಂಡೆ. ಕಾದ ಬಂಡೆ ಕೆಳಗಿನಿಂದಲೂ ಝಳ ಹೊಡೆಯುತ್ತದೆ. ನೆಲಕ್ಕೆ ಹತ್ತಿರವಿರುವ ಮಗುವಿಗೆ ಅದು ದೊಡ್ಡವರಿಗಿಂತ ಹೆಚ್ಚು ತಟ್ಟುತ್ತದೆ.

ಹಂತ 1: ಹೊರಡುವ ಹೊತ್ತು. ಬೆಳಿಗ್ಗೆ ಆರಕ್ಕೆ ಮೊದಲ ಮೆಟ್ಟಿಲ ಮೇಲೆ ಕಾಲಿಡಬೇಕು, ಒಂಬತ್ತಕ್ಕೆ ಎಲ್ಲಿದ್ದರೂ ಇಳಿಯಲು ತಿರುಗಬೇಕು. ಬೆಂಗಳೂರಿನಿಂದ ಆರಕ್ಕೆ ಹೊರಡುವ ಮಾತಾದರೆ ಆ ದಿನ ಬೆಟ್ಟ ಬೇಡ.

ಹಂತ 2: ನೀರು. ಹೆಚ್ಚಿನವರು ಎಡವುವುದು ಇಲ್ಲೇ. ನಾಲ್ಕು ಜನಕ್ಕೆ ಎರಡು ಬಾಟಲಿ ಹಿಡಿದು ಬರುತ್ತಾರೆ. ದೊಡ್ಡವರಿಗೆ ತಲಾ ಮೂರು ಲೀಟರ್, ಎಂಟರಿಂದ ಹನ್ನೆರಡು ವರ್ಷದ ಮಕ್ಕಳಿಗೆ ತಲಾ ಎರಡು ಲೀಟರ್ ಬೇಕು. ಒಂದು ಲೀಟರ್ ಎಂದರೆ ಒಂದು ಕಿಲೋ ಭಾರ; ಮಗುವಿನ ಬೆನ್ನಿಗೆ ಅರ್ಧ ಲೀಟರ್ ಸಾಕು, ಉಳಿದದ್ದನ್ನು ದೊಡ್ಡವರು ಹೊರಬೇಕು. ಮೇಲೆ ಮಜ್ಜಿಗೆ, ಸೌತೆಕಾಯಿ ಮಾರುವವರು ಸಿಗುತ್ತಾರೆ ನಿಜ, ಬೆಳಗಿನ ಜಾವಕ್ಕೇ ಸಿಗುತ್ತಾರೆಂದು ನಂಬಬೇಡಿ.

ರಾತ್ರಿ ಎರಡು ಪ್ಲಾಸ್ಟಿಕ್ ಬಾಟಲಿಗಳಿಗೆ ಅರ್ಧ ನೀರು ತುಂಬಿ ಫ್ರೀಜರಿನಲ್ಲಿ ಅಡ್ಡ ಮಲಗಿಸಿ. ಬೆಳಿಗ್ಗೆ ಉಳಿದರ್ಧಕ್ಕೆ ನೀರು ಹಾಕಿದರೆ ಹಲವು ಗಂಟೆ ತಣ್ಣಗಿರುತ್ತದೆ. ಪೂರ್ತಿ ತುಂಬಿಟ್ಟರೆ ಮಂಜುಗಡ್ಡೆ ಹಿಗ್ಗಿ ಬಾಟಲಿ ಸೀಳುತ್ತದೆ. ಸ್ಟೀಲ್ ಬಾಟಲಿಯನ್ನಂತೂ ಫ್ರೀಜರಿಗೆ ಇಡಲೇಬೇಡಿ.

ಬಾಯಾರಿದಾಗ ಕುಡಿಯೋಣವೆಂದರೆ ತಡವಾಗುತ್ತದೆ, ಆಟದ ಗುಂಗಿನಲ್ಲಿರುವ ಮಕ್ಕಳು ಕೇಳುವುದೂ ಇಲ್ಲ. ಗಡಿಯಾರ ನೋಡಿ ಇಪ್ಪತ್ತು ನಿಮಿಷಕ್ಕೊಮ್ಮೆ ನಿಲ್ಲಿಸಿ, ಮಕ್ಕಳಿಗೆ ನಾಲ್ಕೈದು ಗುಟುಕು ಕುಡಿಸಿ. ಒಂದೇ ಸಲ ಅರ್ಧ ಲೀಟರ್ ಕುಡಿಸಿ ಹತ್ತಿಸಿದರೆ ವಾಂತಿ ಮಾಡಿಕೊಳ್ಳುತ್ತಾರೆ. ತಂದ ನೀರಿನಲ್ಲಿ ಅರ್ಧ ಮುಗಿದರೆ ಶಿಖರ ಕಣ್ಣೆದುರೇ ಇದ್ದರೂ ಹಿಂದಿರುಗಿ.

ಬೆವರಿನಲ್ಲಿ ಉಪ್ಪೂ ಹೋಗುತ್ತದೆ. ಉಪ್ಪು ಹಾಕಿದ ನೀರುಮಜ್ಜಿಗೆ ಎಲ್ಲಕ್ಕಿಂತ ಒಳ್ಳೆಯದು. ತುರ್ತಿಗೆ ಓಆರ್‌ಎಸ್ ಪುಡಿ ಇಟ್ಟುಕೊಳ್ಳಿ, ಆದರೆ ಪೊಟ್ಟಣದ ಮೇಲಿನ ಅಳತೆ ಓದಿ. ಒಂದು ಲೀಟರಿನ ಪೊಟ್ಟಣವನ್ನು ಒಂದು ಲೋಟಕ್ಕೆ ಸುರಿದರೆ ದ್ರಾವಣ ಗಟ್ಟಿಯಾಗಿ, ದೇಹದ ನೀರನ್ನೇ ಕರುಳಿಗೆ ಎಳೆದು ಭೇದಿ ತರುತ್ತದೆ. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ನೀರಿಗೆ ಸಮತಟ್ಟಾದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಹಣ್ಣಿನ ರುಚಿಯ ಸಿಹಿ ಪಾನೀಯಗಳನ್ನು ಓಆರ್‌ಎಸ್ ಎಂದುಕೊಂಡು ಕೊಳ್ಳಬೇಡಿ. ಅಂಥವು ಆ ಹೆಸರು ಬಳಸದಂತೆ ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರ್‌ನಲ್ಲಿ ಆದೇಶಿಸಿದ್ದೂ ಇದೇ ಕಾರಣಕ್ಕೆ.

ಹಂತ 3: ಬುತ್ತಿ. ಚಿತ್ರಾನ್ನ, ಚಪಾತಿ, ಕೋಡುಬಳೆ. ಮೊಸರನ್ನ ಬಿಸಿಲಿಗೆ ಹುಳಿಯುತ್ತದೆ. ಎಲ್ಲವೂ ಜಿಪ್ ಇರುವ ಬ್ಯಾಗಿನೊಳಗೇ ಇರಲಿ. ಕೈಯಲ್ಲಿ ಕವರ್ ತೂಗಾಡಿದರೆ, ಬಣ್ಣದ ಬಾಟಲಿ ಕಂಡರೆ ಕೋತಿಗಳು ಬಿಡುವುದಿಲ್ಲ. ಕಿತ್ತುಕೊಂಡರೆ ಬಿಟ್ಟುಬಿಡಿ, ಎಳೆದಾಡಿದವರನ್ನು ಕಚ್ಚುತ್ತವೆ.

ಹಂತ 4: ಹತ್ತುವುದು. ನಿಧಾನವಾಗಿ ಹತ್ತುವ ಮಗು ಮುಂದಿರಲಿ, ಉಳಿದವರು ಅದರ ವೇಗಕ್ಕೆ ಹೊಂದಿಕೊಳ್ಳಲಿ. ಅಗಲ ಅಂಚಿನ ಹತ್ತಿ ಟೋಪಿ, ತೆಳು ಬಣ್ಣದ ತುಂಬುತೋಳಿನ ಅಂಗಿ. ಗುಡಿಯ ಬಳಿ ಪಾದರಕ್ಷೆ ಬಿಡಬೇಕಾದ್ದರಿಂದ ದಪ್ಪ ಕಾಲುಚೀಲ ಹಾಕಿಸಿ.

ಮಗು ಇದ್ದಕ್ಕಿದ್ದಂತೆ ಮಾತು ನಿಲ್ಲಿಸಿತು, ತಲೆನೋವು ಎಂದಿತು, ಮುಖ ಬಿಳಚಿಕೊಂಡಿತು ಎಂದರೆ ಅದು ಹಟವಲ್ಲ, ಬಿಸಿಲಿನ ಬಳಲಿಕೆ. ನೆರಳಿನಲ್ಲಿ ಮಲಗಿಸಿ, ಕಾಲು ಎತ್ತರಿಸಿ, ಕತ್ತು ಮತ್ತು ಕಂಕುಳಿಗೆ ಒದ್ದೆ ಬಟ್ಟೆ ಇಟ್ಟು ಗಾಳಿ ಬೀಸಿ, ಗುಟುಕು ಗುಟುಕಾಗಿ ಕುಡಿಸಿ. ಸುಧಾರಿಸಿದರೂ ಮುಂದೆ ಹತ್ತಿಸಬೇಡಿ. ಮಾತು ತಡವರಿಸಿದರೆ, ಮಂಪರು ಕವಿದರೆ ಬಾಯಿಗೆ ಏನೂ ಹಾಕದೆ, ಮೈಯೆಲ್ಲ ತೋಯಿಸುತ್ತಾ 108ಕ್ಕೆ ಕರೆ ಮಾಡಿ.

ಹಂತ 5: ಇಳಿಯುವುದು. ಜಾರಿ ಬೀಳುವುದು ಹೆಚ್ಚಾಗಿ ಈಗಲೇ. ಶೂ ಲೇಸನ್ನು ಕಣಕಾಲಿನ ಹತ್ತಿರ ಬಿಗಿಯಾಗಿ ಕಟ್ಟಿ, ಇಲ್ಲವಾದರೆ ಬೆರಳುಗಳು ಮುಂದಕ್ಕೆ ಒತ್ತಿ ಉಗುರು ನೋಯುತ್ತದೆ. ಬಂಡೆಯಲ್ಲೇ ಕೊರೆದ ಕಡಿದಾದ ಮೆಟ್ಟಿಲುಗಳಲ್ಲಿ ಚಿಕ್ಕ ಮಗುವಿನ ಮುಖ ಬಂಡೆಯ ಕಡೆಗಿರಲಿ, ಏಣಿ ಇಳಿದಂತೆ ಹಿಮ್ಮುಖವಾಗಿ ಇಳಿಯಲಿ. ದೊಡ್ಡವರೊಬ್ಬರು ಅದಕ್ಕಿಂತ ಎರಡು ಮೆಟ್ಟಿಲು ಕೆಳಗಿರಬೇಕು. ಹೊತ್ತೇರಿದ ಮೇಲೆ ಕಬ್ಬಿಣದ ಕಂಬಿ ಕೈ ಸುಡುವಷ್ಟು ಕಾಯುತ್ತದೆ, ಹಿಡಿಯಲು ಕರವಸ್ತ್ರ ಕೊಡಿ. ಗುಡುಗು ಕೇಳಿಸಿದರೆ ಮಾತ್ರ ಬೋಳು ಬಂಡೆಯಿಂದಲೂ ಆ ಕಂಬಿಯಿಂದಲೂ ಬೇಗ ದೂರ ಸರಿಯಿರಿ.

ಮನೆಗೆ ಬಂದ ಮೇಲೂ ಮಗುವಿನ ಮೂತ್ರ ಗಾಢ ಹಳದಿಯಾಗಿದ್ದರೆ, ತಿಳಿಯಾಗುವವರೆಗೆ ಮಜ್ಜಿಗೆ, ನೀರು ಕುಡಿಸುತ್ತಲೇ ಇರಿ.