ಹಳೆಯ ದೊಡ್ಡ ಎಸ್‌ಯುವಿ: ಬಾನೆಟ್ ಎತ್ತುವ ಮೊದಲು ಅಡಿಗೆ ಬಗ್ಗಿ ನೋಡಿ

ಹೊಸದರಲ್ಲಿ ಇಪ್ಪತ್ತು ಲಕ್ಷದ ಆಚೀಚೆ ಇದ್ದ ಮೂರು ಲೀಟರ್ ಎಂಜಿನಿನ ಗಾಡಿ ಈಗ ಸಣ್ಣದೊಂದು ಹೊಸ ಕಾರಿನ ಬೆಲೆಗೆ ಸಿಗುತ್ತದೆ. ಆದರೆ ಇಳಿದಿರುವುದು ಗಾಡಿಯ ಬೆಲೆ ಮಾತ್ರ. ಅದರ ಟಯರು, ಆಯಿಲ್, ಎಂಜಿನಿಗೆ ಡೀಸೆಲ್ ಚಿಮುಕಿಸುವ ಇಂಜೆಕ್ಟರುಗಳ ಬೆಲೆ ಇಳಿದಿಲ್ಲ. ಕೈಯಲ್ಲಿರುವ ಹಣದ ಐದನೇ ಒಂದು ಪಾಲನ್ನು ಮೊದಲ ರಿಪೇರಿಗೆ ತೆಗೆದಿಟ್ಟು, ಉಳಿದದ್ದರಲ್ಲಿ ಚೌಕಾಸಿ ಮಾಡಿ.

ಮಂಜೇಶ್ವರದಿಂದ ಕಾಸರಗೋಡಿನವರೆಗೆ ಹೆಚ್ಚು ಕಣ್ಣಿಗೆ ಬೀಳುವವು ಎರಡು. 2009ರಿಂದ 2016ರವರೆಗೆ ಮಾರಾಟವಾದ ಮೊದಲ ತಲೆಮಾರಿನ ಟೊಯೊಟಾ ಫಾರ್ಚುನರ್‌ನ 2,982 ಸಿ.ಸಿ. ಡೀಸೆಲ್, ಮತ್ತು 2016ರಲ್ಲಿ ಬಂದ ಫೋರ್ಡ್ ಎಂಡೆವರ್‌ನ ಐದು ಸಿಲಿಂಡರಿನ 3,198 ಸಿ.ಸಿ. ಡೀಸೆಲ್. ಎರಡೂ ಏಣಿಯಾಕಾರದ ಚೇಸಿಸ್ (ಗಾಡಿಯನ್ನು ಹೊರುವ ಕಬ್ಬಿಣದ ಚೌಕಟ್ಟು) ಮೇಲೆ ಕೂತ ಗಾಡಿಗಳು. ಎಂಜಿನ್ ಹಾಳಾದರೆ ಬಿಚ್ಚಿ ಕಟ್ಟಬಹುದು, ಚೇಸಿಸ್ ತುಕ್ಕು ತಿಂದರೆ ಹಾಕಿದ ಹಣವೆಲ್ಲ ನೀರಿಗೆ. ಕಡಲ ಗಾಳಿ, ನಾಲ್ಕು ತಿಂಗಳ ಮಳೆ, ಹೆದ್ದಾರಿಯಲ್ಲಿ ಮೀನಿನ ಲಾರಿಗಳಿಂದ ಸುರಿಯುವ ಉಪ್ಪುನೀರು ಸೇರುವ ನಮ್ಮ ಊರಿನಲ್ಲಿ ಮೊದಲ ಪರೀಕ್ಷೆ ಇದೇ ಆಗಬೇಕು.

ಅಡಿಯಲ್ಲಿ ಏನು ನೋಡಬೇಕು

ಗಾಡಿಯನ್ನು ವರ್ಕ್‌ಶಾಪಿನ ಲಿಫ್ಟಿಗೆ ಹತ್ತಿಸಿ. ಹಿಂದಿನ ಚಕ್ರಗಳ ಮೇಲ್ಭಾಗದಲ್ಲಿ ಚೇಸಿಸ್ ಬಾಗುವ ಜಾಗ, ಸ್ಪ್ರಿಂಗ್ ಕೂರುವ ಬ್ರಾಕೆಟ್‌ಗಳು, ಹಿಂದಿನ ಕೊನೆಯ ಅಡ್ಡಪಟ್ಟಿ, ಈ ಮೂರರಲ್ಲಿ ತುಕ್ಕು ಬೇಗ ಹಿಡಿಯುತ್ತದೆ. ಚೇಸಿಸ್ಸಿನಲ್ಲಿ ನೀರು ಹೋಗಲು ಬಿಟ್ಟ ತೂತುಗಳು ಮುರಕಲ್ಲಿನ ಕೆಂಪು ಮಣ್ಣಿನಿಂದ ಮುಚ್ಚಿಹೋಗುತ್ತವೆ. ಒಳಗೆ ನಿಂತ ಕೆಸರು ಹೊರಗೆ ಕಾಣದಂತೆ ಕಬ್ಬಿಣವನ್ನು ತಿನ್ನುತ್ತದೆ. ಸಣ್ಣ ಸುತ್ತಿಗೆಯಿಂದ ಉದ್ದಕ್ಕೂ ತಟ್ಟುತ್ತಾ ಹೋಗಿ. ಟಣ್ ಎಂದರೆ ಗಟ್ಟಿ. ಶಬ್ದ ಮಂಕಾದಲ್ಲಿ ಸ್ಕ್ರೂಡ್ರೈವರ್ ಒತ್ತಿ ನೋಡಿ. ಮೇಲ್ಮೈಯ ಕಂದು ಬಣ್ಣಕ್ಕೆ ಹೆದರಬೇಡಿ, ಪದರ ಪದರವಾಗಿ ಏಳುವ ತುಕ್ಕಿಗೆ ಹೆದರಿ. ಮಾರುವ ವಾರದಲ್ಲಷ್ಟೇ ಬಳಿದ ಹೊಳೆಯುವ ಕಪ್ಪು ಕೋಟಿಂಗ್ ಕಂಡರೆ ಆ ಗಾಡಿಯನ್ನು ಬಿಟ್ಟುಬಿಡುವುದೇ ಲೇಸು.

2018ರ ಆಗಸ್ಟ್ ಪ್ರವಾಹದಲ್ಲಿ ಕೇರಳದ ಬೇರೆ ಜಿಲ್ಲೆಗಳಲ್ಲಿ ಎಷ್ಟೋ ಗಾಡಿಗಳು ಮುಳುಗಿದವು. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದರೆ ಕೆಸರಿನ ಗೆರೆ ಉಳಿದಿದೆಯೇ ತಿಳಿಯುತ್ತದೆ. ಕಾರ್ಪೆಟ್ ಎತ್ತಿ ಮಣ್ಣು, ಡ್ಯಾಶ್‌ಬೋರ್ಡಿನ ಕೆಳಗಿನ ವಯರ್ ಕನೆಕ್ಟರುಗಳಲ್ಲಿ ಹಸಿರು ಕಿಲುಬು ಹುಡುಕಿ.

ಎಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿ

ಬೆಳಿಗ್ಗೆ ಹೋಗಿ, ಬಾನೆಟ್ ಮುಟ್ಟಿ ನೋಡಿ. ಬಿಸಿಯಿದ್ದರೆ ಯಾರೋ ಮೊದಲೇ ಸ್ಟಾರ್ಟ್ ಮಾಡಿದ್ದಾರೆ, ಇನ್ನೊಂದು ದಿನ ಬನ್ನಿ. ತಣ್ಣನೆಯ ಎಂಜಿನ್ ಬಿಳಿ ಹೊಗೆಯೊಂದಿಗೆ ಟಕಟಕ ಬಡಿದರೆ ಇಂಜೆಕ್ಟರುಗಳ ಮೇಲೆ ಅನುಮಾನ. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ. ಎಂಜಿನ್ ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳವನ್ನು ಬಿಚ್ಚಿ, ಬಾಯಿಯ ಮೇಲೆ ಬೋರಲು ಇಡಿ. ಸ್ವಲ್ಪ ಅಲುಗಿದರೆ ಸಹಜ, ಹಾರಿ ಬಿದ್ದರೆ ಪಿಸ್ಟನ್ ರಿಂಗ್ ಸವೆದಿದೆ.

ಫಾರ್ಚುನರ್‌ನ ಈ ಎಂಜಿನಿಗೆ ಒಂದು ಹಳೆಯ ರೋಗವಿದೆ. ಇಂಜೆಕ್ಟರಿನ ಬುಡದ ತಾಮ್ರದ ಸೀಲ್ ಸೋರತೊಡಗಿದರೆ ಉರಿದ ಅನಿಲ ಮೇಲಿನ ಕವರಿನೊಳಗೆ ನುಗ್ಗಿ ಆಯಿಲನ್ನು ಕರಿ ಗಸಿಯಾಗಿಸುತ್ತದೆ. ಆ ಗಸಿ ಕೆಳಗಿಳಿದು ಎಂಜಿನಿನ ತಳದ ಆಯಿಲ್ ತೊಟ್ಟಿಯಾದ ಸಂಪ್‌ನಲ್ಲಿ ಆಯಿಲ್ ಹೀರುವ ಜಾಲರಿಯನ್ನು ಕಟ್ಟುತ್ತದೆ. ಆಯಿಲ್ ಸಿಗದೆ ಬೇರಿಂಗ್, ಟರ್ಬೊ ಎರಡೂ ಹೋಗುತ್ತವೆ. ಸ್ಟಾರ್ಟ್ ಮಾಡಿದಾಗ ಆಯಿಲ್ ದೀಪ ಆರಲು ತಡವಾದರೆ ಸಂಪ್ ಬಿಚ್ಚಿಸಿ ಜಾಲರಿ ನೋಡದೆ ಮುಂಗಡ ಕೊಡಬೇಡಿ. ಸ್ಕ್ಯಾನರ್ ಇರುವ ಮೆಕ್ಯಾನಿಕ್ ಬಳಿ, ಎಂಜಿನ್ ಬಿಸಿಯಾಗಿ ನಿಧಾನಕ್ಕೆ ಓಡುತ್ತಿರುವಾಗ, ನಾಲ್ಕೂ ಇಂಜೆಕ್ಟರುಗಳ ಫೀಡ್‌ಬ್ಯಾಕ್ ಅಂಕಿ (ಪ್ರತಿ ಇಂಜೆಕ್ಟರಿನ ಡೀಸೆಲನ್ನು ಕಂಪ್ಯೂಟರ್ ಎಷ್ಟು ಹೆಚ್ಚು ಕಡಿಮೆ ಮಾಡುತ್ತಿದೆ ಎಂಬುದು) ತೆಗೆಸಿ. ಪ್ಲಸ್ 3 ಅಥವಾ ಮೈನಸ್ 3ನ್ನು ದಾಟಿದ ಇಂಜೆಕ್ಟರಿಗೆ ಖರ್ಚು ಕಾದಿದೆ.

ಆಮೇಲೆ ಓಡಿಸಿ. ಚೆರ್ಕಳ–ಜಾಲ್ಸೂರು ರಸ್ತೆಯ ಏರುಗಳು ಇದಕ್ಕೆ ಒಳ್ಳೆಯವು. ಮೂರನೇ ಗೇರಿನಲ್ಲಿ ಒತ್ತಿದಾಗ ಎಳೆತ ಒಂದೇ ಸಮ ಬರಬೇಕು, ಉಷ್ಣತೆಯ ಮುಳ್ಳು ಕದಲಬಾರದು. ನಾಲ್ಕೂ ಚಕ್ರ ಎಳೆಯುವ ಗಾಡಿಯಾದರೆ ಲೋ ರೇಂಜ್ ಗೇರನ್ನು (ಕಡಿದಾದ ಜಾಗದಲ್ಲಿ ನಿಧಾನಕ್ಕೆ ಹೆಚ್ಚು ಬಲ ಕೊಡುವುದು) ಡಾಮರಿನಲ್ಲಿ ಬೇಡ, ಮಣ್ಣಿನ ಜಾಗದಲ್ಲಿ ಹಾಕಿ ನೋಡಿ. ವರ್ಷಗಟ್ಟಲೆ ಮುಟ್ಟದೆ ಬಿಟ್ಟ ಲಿವರ್ ಹಿಡಿದುಕೊಂಡಿರುವುದುಂಟು.

ಗಡಿಯ ಕಾಗದ

ಮಂಗಳೂರಿನಿಂದ ಕೆಎ ನಂಬರಿನ ಗಾಡಿ ತರುವವರು ಬೆಲೆಯ ಜೊತೆಗೆ ಕೇರಳದ ತೆರಿಗೆಯನ್ನೂ ಕೂಡಿಸಿ ಲೆಕ್ಕ ಹಾಕಲೇಬೇಕು. ತೆರಿಗೆಗೆ ನೋಡುವುದು ನೀವು ಕೊಟ್ಟ ಬೆಲೆಯನ್ನಲ್ಲ, ಗಾಡಿಯ ಮೂಲ ಬೆಲೆಯನ್ನು ಮತ್ತು ವಯಸ್ಸನ್ನು. ಹಾಗಾಗಿ ದೊಡ್ಡ ಗಾಡಿಗೆ ಮೇಲಿನ ದರವೇ ಬೀಳುತ್ತದೆ. ಮೊತ್ತವನ್ನು ಮೊದಲೇ ಆರ್‌ಟಿಒ ಕಚೇರಿಯಲ್ಲಿ ಕೇಳಿ ತಿಳಿದುಕೊಳ್ಳಿ. ಕರ್ನಾಟಕದ ಆರ್‌ಟಿಒದಿಂದ ಫಾರಂ 28ರ ನಿರಾಕ್ಷೇಪಣಾ ಪತ್ರ, ಅಂದರೆ ಎನ್‌ಒಸಿ, ಮಾಲೀಕತ್ವ ಬದಲಿಗೆ ಫಾರಂ 29 ಮತ್ತು 30, ಹೊಸ ನಂಬರಿಗೆ ಫಾರಂ 27, ಸಾಲವಿದ್ದರೆ ಫಾರಂ 35 ಬೇಕು. ಬೇರೆ ರಾಜ್ಯದ ಗಾಡಿಯನ್ನು 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಇಲ್ಲಿನ ನಂಬರ್ ಮಾಡಿಸಲೇಬೇಕೆಂದು ಮೋಟಾರು ವಾಹನ ಕಾಯ್ದೆಯ 47ನೇ ಕಲಂ ಹೇಳುತ್ತದೆ. ಇನ್ಶೂರೆನ್ಸನ್ನು 14 ದಿನಗಳೊಳಗೆ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ.

ಮನೆಗೆ ತಂದ ಮೇಲೆ

ಹಿಂದಿನವರು ಏನು ಹಾಕಿದ್ದರೋ ಎಂದು ಯೋಚಿಸುತ್ತ ಕೂರದೆ ಎಲ್ಲ ಆಯಿಲ್, ಎಲ್ಲ ಫಿಲ್ಟರ್, ಕೂಲೆಂಟ್, ಬ್ರೇಕ್ ಆಯಿಲ್ ಬದಲಿಸಿ. ಫಾರ್ಚುನರ್‌ಗೆ ಎಂಜಿನ್ ಆಯಿಲ್ ಸುಮಾರು 7 ಲೀಟರ್ ಬೇಕು. ಎಂಡೆವರ್ 3.2ಕ್ಕೆ ಹತ್ತು ಲೀಟರಿನ ಹತ್ತಿರ ಹೋಗುತ್ತದೆ, ಅದರಲ್ಲೊಂದು ಎಚ್ಚರಿಕೆ ಇದೆ: ಹಳೆಯ ಆಯಿಲ್ ಇಳಿಸಿ ಹತ್ತು ನಿಮಿಷದೊಳಗೆ ಪ್ಲಗ್ ಹಾಕಿ ಹೊಸದನ್ನು ತುಂಬಬೇಕು. ಹೆಚ್ಚು ಹೊತ್ತು ಬರಿದಾಗಿ ಬಿಟ್ಟರೆ ಪಂಪ್ ಒಣಗಿ ಮತ್ತೆ ಆಯಿಲ್ ಎತ್ತದೆ ಎಂಜಿನ್ ಕಚ್ಚಿಕೊಳ್ಳಬಹುದು. ಇದನ್ನು ಮೆಕ್ಯಾನಿಕ್‌ಗೆ ಎದುರು ನಿಂತೇ ಹೇಳಿ.

ಫಾರ್ಚುನರ್‌ನ ಟೈಮಿಂಗ್ ಬೆಲ್ಟ್ (ವಾಲ್ವ್‌ಗಳನ್ನು ಪಿಸ್ಟನ್ನಿನ ತಾಳಕ್ಕೆ ನಡೆಸುವ ಪಟ್ಟಿ) 1,50,000 ಕಿ.ಮೀ.ಗೆ ಬದಲಾಗಬೇಕು. ಆಗ ಮೀಟರಿನಲ್ಲಿ ಬೆಲ್ಟಿನ ದೀಪ ಹತ್ತುತ್ತದೆ. ಬೆಲ್ಟ್ ಬದಲಿಸದೆಯೂ ಆ ದೀಪ ಆರಿಸಲು ಬರುತ್ತದೆ, ಆದ್ದರಿಂದ ಬಿಲ್ ಇಲ್ಲದಿದ್ದರೆ ಬದಲಾಗಿಲ್ಲ ಎಂದೇ ತಿಳಿಯಿರಿ. ಬೆಲ್ಟ್ ಕಡಿದರೆ ವಾಲ್ವ್‌ಗಳು ಪಿಸ್ಟನ್ನಿಗೆ ಬಡಿಯುತ್ತವೆ. ಟೆನ್ಷನರ್, ವಾಟರ್ ಪಂಪ್ ಕೂಡ ಆಗಲೇ ಹಾಕಿಸಿ.

ಮಳೆಗಾಲಕ್ಕೆ ಮುನ್ನ, ಮೇ ಕೊನೆಯಲ್ಲಿ ಬರುವ ಪತ್ತನಾಜೆಗೆ ಮೊದಲು ಚೇಸಿಸ್ ತೂತುಗಳ ಮಣ್ಣು ಬಿಡಿಸಿ, ಅಡಿ ತೊಳೆದು, ಪೂರ್ತಿ ಒಣಗಿದ ಮೇಲೆ ಒಳಗೂ ಹೊರಗೂ ತುಕ್ಕು ತಡೆಯುವ ವ್ಯಾಕ್ಸ್ ಹೊಡೆಸಿ. ಒದ್ದೆಯ ಮೇಲೆ ಹೊಡೆದರೆ ನೀರನ್ನು ಒಳಗೇ ಮುಚ್ಚಿಟ್ಟಂತೆ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಡೀಸೆಲ್ ಫಿಲ್ಟರಿನ ಅಡಿಯ ತಿರುಪು ಸಡಿಲಿಸಿ ನೀರು ಇಳಿಸಿ. ಕೊಬ್ಬರಿ ಇಡುವ ಕೊಟ್ಟಿಗೆಯಲ್ಲಿ ಗಾಡಿ ನಿಲ್ಲಿಸಬೇಡಿ, ಇಲಿ ಅಲ್ಲಿಂದ ನೇರ ವಯರಿಂಗಿಗೆ ಬರುತ್ತದೆ. ತೋಡು ದಾಟಿದ ಮೇಲೆ, ಎಂಜಿನಿನ ಬಲವನ್ನು ಚಕ್ರಗಳತ್ತ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ನಿಪ್ಪಲ್‌ಗಳಿಗೆ ಹೊಸ ಗ್ರೀಸ್ ತುಂಬಿಸಿ, ಚಕ್ರಗಳ ನಡುವಿನ ಗೇರ್ ಪೆಟ್ಟಿಗೆಯಾದ ಡಿಫರೆನ್ಷಿಯಲ್‌ನ ಆಯಿಲನ್ನೂ ಪರೀಕ್ಷಿಸಿ. ಅದು ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ಗಾಳಿಯಾಡುವ ಬ್ರೀದರ್ ಕೊಳವೆಯಿಂದಲೋ ಸೀಲಿನಿಂದಲೋ ನೀರು ಹೊಕ್ಕಿದೆ; ಮುಂದಿನ ಸರ್ವೀಸಿಗೆ ಕಾಯದೆ ಅದೇ ವಾರ ಬದಲಿಸಿ.